ಬೆರಳಗಲಕ್ಕೊಂದು ಮಾತು

ನಮ್ಮ ನಾಯನ ನನಗೆ ಬೈದದ್ದು ಕಮ್ಮಿ, ಹೊಡೆದದ್ದು ಇಲ್ಲವೇ ಇಲ್ಲ. ಆದರೆ ಅವನ ಬಾಯಿಂದ ಒಂದು ಮಾತು ಬಂದರೆ ಮಾತ್ರ ನನಗೆ ಮೈಯೆಲ್ಲ ಉರಿದುಹೋಗುತ್ತಿತ್ತು. "ಆಗೈತೆ. ಬೇರೆ ತಾ." ಅಷ್ಟೇ. ಆ ಮಾತು ಕೇಳಿ ನಾನು ಎಷ್ಟು ಸಲ ಲಾಳಿ ಎಸೆದು ಎದ್ದುಹೋಗಿದ್ದೇನೋ, ಎಷ್ಟು ಸಲ ಅಮ್ಮ ಕಿವಿ ಹಿಡಿದು ತಂದು ಕೂರಿಸಿದ್ದಾಳೋ ಲೆಕ್ಕವಿಲ್ಲ.

ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವ ಮನೆ ನಮ್ಮದು. ಮನೆಮಾತು ತೆಲುಗು, ಹಾಗಾಗಿ ಅಪ್ಪ ನಮಗೆ ನಾಯನ. ಬೀದಿಗೆ ಬಂದರೆ ಕನ್ನಡ. ನಮ್ಮಲ್ಲಿ ಜಗಳ ತೆಲುಗಿನಲ್ಲಿ ಶುರುವಾಗಿ ಕನ್ನಡದಲ್ಲಿ ರಾಜಿಯಾಗುತ್ತಿತ್ತು. ಇವತ್ತು ನಾನು ಚಳ್ಳಕೆರೆಯ ಶಾಲೆಯೊಂದರಲ್ಲಿ ಕನ್ನಡ ಮೇಡಂ. ನನ್ನ ಎರಡನೇ ಕ್ಲಾಸಿನ ಮೇಷ್ಟ್ರು ಇದನ್ನು ಕೇಳಿದ್ದರೆ ಬಿದ್ದು ಬಿದ್ದು ನಗುತ್ತಿದ್ದರು. ಆಗ ನನಗೆ ಕನ್ನಡದಲ್ಲಿ ಬರುತ್ತಿದ್ದದ್ದು "ಹೂಂ", "ಊಹೂಂ", ಮತ್ತೆ ಪಕ್ಕದ ಮನೆಯವರಿಂದ ಕಲಿತ ಎರಡು ಬೈಗುಳ. ಅವೆರಡನ್ನೂ ಒಂದೇ ದಿನ ಕ್ಲಾಸಿನಲ್ಲಿ ಬಳಸಿದೆ. ಮೇಷ್ಟ್ರು ನಾಯನನನ್ನು ಕರೆಸಿ, "ನಿಮ್ಮ ಮಗಳಿಗೆ ಮಾತೇ ಇಲ್ಲರಿ, ಇರೋವು ನಮಗೆ ಬ್ಯಾಡ" ಅಂದರು.

ನಾಯನ ನನ್ನನ್ನು ಮನೆಗೆ ಕರೆತಂದ. ಮನೆ ಹೊಸಿಲ ಹತ್ತಿರ ನಿಂತು, "ಮಾತಿಲ್ಲ ಅಂದ್ರೆ ತರೋಣ ಬಿಡು. ಅದೇನು ಆಕಾಶದಾಗೈತಾ?" ಅಂದ.

ಅವನು ಮಾತು ತರಿಸಿದ ರೀತಿ ಹೇಳಬೇಕೆಂದರೆ ನಮ್ಮ ಮಗ್ಗದ ವಿಷಯ ಸ್ವಲ್ಪ ಹೇಳಬೇಕು. ನಮ್ಮದು ಗುಂಡಿ ಮಗ್ಗ. ನೇಯುವವರು ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂರಬೇಕು. ಒಡಲಿಗೊಂದು ಬಣ್ಣ, ಅಂಚಿಗೊಂದು ಬಣ್ಣದ ಸೀರೆ ಒಬ್ಬರ ಕೈಗೆ ಆಗುವ ಕೆಲಸವಲ್ಲ. ಪಕ್ಕದಲ್ಲಿ ಇನ್ನೊಬ್ಬರು ಕೂತು ಅಂಚಿನ ಲಾಳಿಯನ್ನು ಎಳೆಗಳ ನಡುವೆ ತೂರಿಸಿ ಕೊಡಬೇಕು. ನೇಯುವವರು ಅದನ್ನು ಹಿಡಿದು, ಒಡಲಿನ ನೂಲಿಗೆ ಕೊಂಡಿ ಹಾಕಿ, ವಾಪಸ್ಸು ತಳ್ಳಬೇಕು. ಆ ಪಕ್ಕದ ಜಾಗ ಮನೆಯ ಮಕ್ಕಳದು. ಏಳನೇ ವಯಸ್ಸಿನಿಂದ ಅದು ನನ್ನದಾಗಿತ್ತು.

ಬೆರಳಗಲ ನೇಯ್ಗೆಗೆ ಒಂದು ಮಾತು. ಅದು ನಾಯನ ಮಾಡಿದ ಕಾನೂನು. ಬೆರಳಗಲ ನೇಯ್ದ ಕೂಡಲೇ ಲಾಳಿ ನಿಲ್ಲುತ್ತಿತ್ತು. ಒಂದು ಸಲ ಅವನು ಒಂದು ಕನ್ನಡದ ಮಾತು ಕೊಡಬೇಕು, ಮುಂದಿನ ಸಲ ನಾನು. ಮಾತು ಬಾರದೆ ಲಾಳಿ ಹೊರಡುವುದಿಲ್ಲ. ತೆಲುಗು ನಡೆಯುವುದಿಲ್ಲ. ಅರ್ಥ ಗೊತ್ತಿಲ್ಲದ ಮಾತು ನಡೆಯುವುದಿಲ್ಲ. ಯಾರ ಬಾಯಿಂದ ಕೇಳಿದ್ದು ಎಂದು ಹೇಳಬೇಕು. ಎಲ್ಲಕ್ಕಿಂತ ಕಷ್ಟದ್ದು ಇನ್ನೊಂದಿತ್ತು: ಒಮ್ಮೆ ಆಡಿದ ಮಾತನ್ನು ಆ ಸೀರೆ ಮಗ್ಗದಿಂದ ಇಳಿಯುವವರೆಗೆ ಮತ್ತೆ ಆಡುವಂತಿಲ್ಲ. ಆಡಿದರೆ "ಆಗೈತೆ. ಬೇರೆ ತಾ." ಆಡಿದವರು ಎದ್ದುಹೋಗಿ ರಾಟೆಯ ಮುಂದೆ ಕೂತು ಲಾಳಿಗೆ ಹಾಕುವ ಹತ್ತು ಕಂಡಿಕೆಗೆ ನೂಲು ಸುತ್ತಬೇಕು. ಕಂಡಿಕೆ ಸುತ್ತುವುದೆಂದರೆ ನನಗೆ ಪ್ರಾಣಸಂಕಟ. ಆಟವಾಡುವ ಹೊತ್ತೆಲ್ಲ ಅದರಲ್ಲೇ ಕಳೆದುಹೋಗುತ್ತಿತ್ತು.

ಏನೂ ತೋಚದೆ ಕೂತರೆ ಎದುರಿನವರು ಒಗಟು ಹಾಕಿ ಕೈ ಹಿಡಿಯಬಹುದಿತ್ತು. "ಹೊಟ್ಟೆ ತುಂಬ ನೂಲು, ಬಾಯಿ ಮಾತ್ರ ಒಂದೇ ತೂತು. ಏನದು?" ಅನ್ನುತ್ತಿದ್ದ. ಕೈಯಲ್ಲೇ ಹಿಡಿದಿರುತ್ತಿದ್ದೆ, "ಲಾಳಿ!" ಅಂತ ಕೂಗುತ್ತಿದ್ದೆ. "ಅದಕ್ಕೇ ನಿನ್ನ ಕೈಯಾಗೆ ಕೊಟ್ಟಿರೋದು, ನೋಡ್ಕೋ ಅಂತ" ಅನ್ನುತ್ತಿದ್ದ.

ಮೊದಲ ತಿಂಗಳು ನಾನು ಸುತ್ತಿದ ಕಂಡಿಕೆಗಳಲ್ಲಿ ಇಡೀ ಬೀದಿಗೆ ಸೀರೆ ನೇಯಬಹುದಿತ್ತು. ಆಮೇಲೆ ಹಠ ಬಂತು. ಶಾಲೆಗೆ ಹೋಗುವಾಗ, ಬರುವಾಗ ಮಾತು ಆರಿಸತೊಡಗಿದೆ. ಬಸ್ಸಿನ ಬೋರ್ಡು ಓದಿದೆ. ಸಂತೆಯಲ್ಲಿ ಬಳೆ ಮಾರುವ ಸಾಬರ ಹೆಂಗಸಿನ ಪಕ್ಕ ಸುಮ್ಮನೆ ನಿಂತುಕೊಂಡೆ. ನಾಯನ ಒಂದು ಭಾನುವಾರ ಸೈಕಲ್ಲಿನಲ್ಲಿ ಬ್ರಹ್ಮಗಿರಿಯ ಕಡೆ ಕರೆದುಕೊಂಡು ಹೋದಾಗ, ಹಳೇ ಕಾಲದ ಬರಹ ಕೆತ್ತಿದ ಬಂಡೆ ಕಾಯುವವನ ಬಾಯಿಂದ "ಶಾಸನ" ಅನ್ನುವ ಮಾತು ಕದ್ದು, ಮನೆಗೆ ಬರುವವರೆಗೂ ಬಾಯೊಳಗೇ ಅಂದುಕೊಳ್ಳುತ್ತ ಬಂದೆ. ಕ್ಷೌರದಂಗಡಿಯ ಹಳೇ ಪೇಪರಿನಿಂದ ಪದಬಂಧ ಕತ್ತರಿಸಿ ತಂದೆ. ಅದರಲ್ಲಿ "ಮಿಣಿ" ಅಂತ ಒಂದು ಉತ್ತರ ಸಿಕ್ಕಿತು, ಚರ್ಮದ ಹಗ್ಗ. ಖುಷಿಯಿಂದ ಮಗ್ಗದ ಮುಂದೆ ಆಡಿದೆ.

"ಯಾರ ಬಾಯಾಗಿಂದ ತಂದೆ?" ಅಂದ ನಾಯನ.

"ಪೇಪರ್‌ನಾಗಿತ್ತು."

"ಪೇಪರ್‌ಗೆ ಬಾಯಿ ಐತಾ? ಆಡೋರನ್ನ ಹುಡ್ಕು, ಆಮೇಲೆ ಬಾ."

ಅಯ್ಯೋ, ಆ ಸಿಟ್ಟು! ಒಂದು ವಾರ ಆ ಮಾತನ್ನು ಹೊತ್ತುಕೊಂಡು ಊರು ತಿರುಗಿದೆ. ಸಂತೆಯ ದಿನ ಶೇಂಗಾ ಗಾಡಿಯವನೊಬ್ಬ ನೊಗದ ಹತ್ತಿರ ಬಗ್ಗಿ, "ಥೂ ಇದ್ರ, ಮಿಣಿ ಕಿತ್ತೋಗೈತೆ" ಅಂದ. ಅವನಿಗೆ ಆದ ನಷ್ಟಕ್ಕೆ ನಾನು ಕುಣಿದಾಡಿದೆ. ಓಡಿಬಂದು, ಬಾಗಿಲಿನಿಂದಲೇ ಕೂಗಿದೆ. ನನ್ನ ಜಾಗದಲ್ಲಿ ಕೂತ ಕೂಡಲೇ ನಾಯನ ಲಾಳಿ ಬಿಟ್ಟ. ಆ ಲಾಳಿ ಬಂದು ನನ್ನ ಬೆರಳಿಗೆ ತಾಗಿದ್ದು ಈಗಲೂ ನೆನಪಿದೆ.

ಹೀಗೆ ನನಗೆ ಕನ್ನಡ ಬಂತು. ಹತ್ತನೇ ಕ್ಲಾಸಿನಲ್ಲಿ ಕನ್ನಡದಲ್ಲಿ ಶಾಲೆಗೇ ಮೊದಲು ಬಂದೆ. ಟೀಚರ್ ಟ್ರೇನಿಂಗ್ ಮಾಡಿದೆ, ಕೆಲಸ ಸಿಕ್ಕಿತು, ಮದುವೆಯಾಗಿ ಚಳ್ಳಕೆರೆಯಲ್ಲಿ ಉಳಿದೆ.

ಹೋದ ವರ್ಷ ಸಂಕ್ರಾಂತಿ ಕಳೆದು ಸ್ವಲ್ಪ ದಿನಕ್ಕೆ ನಾಯನನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಸೋತವು. ಅದಕ್ಕಿಂತ ಹೆಚ್ಚಾಗಿ, ಮಾತು ಪೂರ್ತಿ ಹೋಯಿತು. ಚಿತ್ರದುರ್ಗದ ಆಸ್ಪತ್ರೆಯಲ್ಲಿ ಹದಿನೈದು ದಿನ ಇದ್ದು ಮನೆಗೆ ಬಂದಾಗ ಅವನು ಕೋಲು ಹಿಡಿದು ನಾಲ್ಕು ಹೆಜ್ಜೆ ಹಾಕುತ್ತಿದ್ದ, ಆದರೆ ಬಾಯಿಂದ ಬರುತ್ತಿದ್ದದ್ದು "ಆಂ" ಅನ್ನುವ ಒಂದೇ ಸದ್ದು. ನೀರಿಗೂ ಅದೇ, ನೋವಿಗೂ ಅದೇ. ಮಾತು ಕಲಿಸುವ ಹುಡುಗಿಯೊಬ್ಬಳು ಆಸ್ಪತ್ರೆಯಲ್ಲಿ ನನ್ನನ್ನು ಕೂರಿಸಿಕೊಂಡು ಹೇಳಿದಳು: "ಮೇಡಂ, ಅವರ ತಲೆಯೊಳಗೆ ಮಾತು ಇದಾವೆ. ಹೊರಗೆ ಬರೋ ದಾರಿ ಮುಚ್ಚಿದೆ. ಮೊದಲ ಕೆಲವು ತಿಂಗಳು ದಿನಾ ಕೂತು ಆಡಿಸಬೇಕು. ಬಿಟ್ಟರೆ ಹಾಗೇ ಉಳಿದುಬಿಡಬಹುದು."

ಅವತ್ತು ಬಸ್ಸಿನಲ್ಲಿ ಕಿಟಕಿಗೆ ತಲೆಯಿಟ್ಟು ನಿರ್ಧಾರ ಮಾಡಿದೆ. ನನಗೆ ಮಾತು ತಂದುಕೊಟ್ಟವನು ಮೂಕನಾಗಿ ಹೋಗಲು ನಾನು ಬಿಡುವುದಿಲ್ಲ. ಅದೇನೇ ಆಗಲಿ.

ನಿರ್ಧಾರವೇನೋ ದೊಡ್ಡದು, ಬುದ್ಧಿ ಮಾತ್ರ ಚಿಕ್ಕದು. ನಾನು ಮೇಡಂ ಅಲ್ಲವೇ? ಚಳ್ಳಕೆರೆಯ ಪುಸ್ತಕದಂಗಡಿಯಲ್ಲಿ ಚಿತ್ರದ ಕಾರ್ಡು ಕೊಂಡೆ. ಅ ಅರಸ, ಆ ಆನೆ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಕೂಡಲೇ ಮೊಳಕಾಲ್ಮೂರಿನ ಬಸ್ಸು ಹತ್ತುವುದು, ನಾಯನನ ಮುಂದೆ ಕಾರ್ಡು ಹಿಡಿಯುವುದು, "ಹೇಳು ನಾಯನ, ಆ... ಆನೆ" ಅನ್ನುವುದು. ಎರಡು ತಿಂಗಳು ಇದೇ ಮಾಡಿದೆ. ಅವನು ಗೋಡೆ ನೋಡುತ್ತಿದ್ದ. ಒಂದು ದಿನ ಎಡಗೈ ಬೀಸಿದ ನೋಡಿ, ಅರಸ, ಆನೆ, ಇಲಿ ಎಲ್ಲ ಅಡುಗೆಮನೆಯವರೆಗೂ ಹಾರಿಹೋದವು. ನನಗೂ ಸಿಟ್ಟು ತಡೆಯಲಿಲ್ಲ. "ನಿನಗಾಗಿ ಬಸ್ಸಿನಾಗೆ ಬೆನ್ನು ಮುರ್ಕೊಂಡು ಬರ್ತೀನಿ, ನನ್ನ ಮೇಲೇ ಸಿಟ್ಟಾ?" ಅಂತ ಕೂಗಿದೆ.

ಅಮ್ಮ ಕಾರ್ಡು ಆರಿಸುತ್ತ, "ಅಪ್ಪನಂಗೆ ಮಗಳು. ಇಬ್ರಿಗೂ ಮೂಗಿನ ತುದಿಯಾಗೇ ಕೋಪ" ಅಂದಳು. ಆಮೇಲೆ ಸಣ್ಣ ದನಿಯಲ್ಲಿ, "ಅರವತ್ತೇಳು ವರ್ಷದ ಮನುಷ್ಯಂಗೆ ಆನೆ ತೋರಿಸ್ತೀಯಲ್ಲೇ, ನಾಚಿಕೆ ಆಗಲ್ವಾ ಅವಂಗೆ?" ಅಂದಳು.

ನನಗೆ ಮುಖಕ್ಕೆ ಹೊಡೆದ ಹಾಗಾಯಿತು. ಮಾತಿಲ್ಲದ ನನ್ನನ್ನು ಅವನು ಒಂದು ದಿನವೂ ದಡ್ಡಿ ಅಂದಿರಲಿಲ್ಲ. ನಾನು ಅವನನ್ನು ಅಂಗನವಾಡಿಗೆ ಸೇರಿಸಿದ್ದೆ.

ಅದೇ ಸಂಜೆ, ಮಗ್ಗ ಬಿಟ್ಟು ಬೇರೆ ಕೆಲಸ ಹಿಡಿದಿದ್ದ ನನ್ನ ಅಣ್ಣ ಮಗ್ಗದ ಮನೆಯ ವಿಷಯ ಎತ್ತಿದ. ಅಣ್ಣ ಕೆಟ್ಟವನಲ್ಲ. ನಾಯನನಿಗೆ ಓಡಾಡಲು ಸಮನಾದ ನೆಲ ಬೇಕು, ಗುಂಡಿ ಮುಚ್ಚಿ ಟೈಲ್ಸ್ ಹಾಕಿಸಿ ಅಲ್ಲೇ ಮಂಚ ಹಾಕೋಣ ಅಂದ. ಮಗ್ಗದಲ್ಲಿ ಲಕ್ವ ಹೊಡೆದ ದಿನ ನಿಂತ ಸೀರೆ ಹಾಗೇ ಇತ್ತು, ಉದ್ದದ ಎಳೆಗಳ ಹಾಸು ಬಿಗಿದದ್ದು ಬಿಗಿದ ಹಾಗೇ, ಗೇಣುದ್ದ ನೇಯ್ದಿತ್ತು. ಧೂಳು ಕೂರಬಾರದೆಂದು ಅಮ್ಮ ಹಳೇ ಪಂಚೆ ಹೊದಿಸಿದ್ದಳು. ಆ ಪಂಚೆ ನೋಡುತ್ತಲೇ ನನಗೆ ಹೊಳೆಯಿತು.

"ಈ ಸೀರೆ ಇಳಿಯೋವರೆಗೂ ಗುಂಡಿ ಮುಟ್ಟಬ್ಯಾಡ" ಅಂದೆ.

"ಇಳಿಸೋರು ಯಾರು? ನೀನು ಲಾಳಿ ಹಿಡಿದು ಇಪ್ಪತ್ತು ವರ್ಷ ಆತು."

"ಬೇಸಿಗೆ ರಜೆ ಐತೆ. ನಾನು ಇಳಿಸ್ತೀನಿ. ನಾಯನ ಅಂಚಿಗೆ ಕೂರ್ತಾನೆ. ಲಾಳಿ ತಳ್ಳೋಕೆ ಎಡಗೈ ಸಾಕು."

ಅಣ್ಣ ನಕ್ಕ. "ಆಯ್ತು ತಾಯಿ, ಶಾಲೆ ಶುರುವಾಗೋವರೆಗೂ ಟೈಮು. ಅಷ್ಟರಾಗೆ ಇಳೀಲಿಲ್ಲ ಅಂದ್ರೆ ಕತ್ತರಿಸಿ ತೆಗೀತೀನಿ" ಅಂದ.

ರಜೆಗೆ ಮುಂಚೆ ನನ್ನ ಆರನೇ ಕ್ಲಾಸಿನ ಮಕ್ಕಳಿಗೆ ಒಂದು ಕೆಲಸ ಕೊಟ್ಟೆ. ತಲೆಗೆ ಹತ್ತು ಮಾತು ತರಬೇಕು, ಅಜ್ಜ ಅಜ್ಜಿಯರ ಬಾಯಿಂದ ಬಂದದ್ದಾಗಿರಬೇಕು, ಪುಸ್ತಕದ್ದು ನಡೆಯುವುದಿಲ್ಲ. ನನ್ನಿವಾಳದ ಮಕ್ಕಳು ಹೊಲದ ಮಾತು ತಂದರು: ಎಡೆಕುಂಟೆ, ಕಣ, ಮೇಟಿ. ಉಳ್ಳಾರ್ತಿ ಕಾವಲ್ ಕಡೆಯ ಒಬ್ಬಳು ಬರೀ ಹುಲ್ಲಿನ ಹೆಸರುಗಳನ್ನೇ ಬರೆದುಕೊಂಡು ಬಂದಳು. ಅವಳ ಅಜ್ಜ ಅಲ್ಲಿ ದನ ಮೇಯಿಸಿದವನಂತೆ. ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡು ಮೊಳಕಾಲ್ಮೂರಿಗೆ ಬಂದೆ. ಗಂಡನಿಗೆ ಅನ್ನ ಸಾರು ಮಾಡಲು ಬರುತ್ತದೆ, ಬದುಕಿಕೊಂಡ.

ಮೊದಲ ದಿನ ನಾನು ಗುಂಡಿಗೆ ಇಳಿದು ನಾಯನನ ಜಾಗದಲ್ಲಿ ಕೂತೆ. ಅಣ್ಣ ಅವನನ್ನು ಎತ್ತಿ ತಂದು ಅಂಚಿನ ಪಕ್ಕ, ಮಕ್ಕಳ ಜಾಗದಲ್ಲಿ ದಿಂಬು ಕೊಟ್ಟು ಕೂರಿಸಿದ. ನಾಯನ ನನ್ನ ಮುಖ ನೋಡಲಿಲ್ಲ. ಕುತ್ತಿಗೆ ತಿರುಗಿಸಿ ಗೋಡೆ ನೋಡುತ್ತ ಕೂತ. ನಾನು ಎಡಗೈಗೆ ಲಾಳಿ ಕೊಟ್ಟೆ, ಅದು ಜಾರಿ ಬಿತ್ತು. ಮತ್ತೆ ಕೊಟ್ಟೆ, ಮತ್ತೆ ಬಿತ್ತು. ಏಳನೆಯದೋ ಎಂಟನೆಯದೋ ಸಲ ಬೆರಳು ಮಡಿಚಿ ಹಿಡಿದ. ಕಣ್ಣು ಮಾತ್ರ ಗೋಡೆಯ ಮೇಲೇ ಇತ್ತು. ಮೊದಲ ಬೆರಳಗಲ ನೇಯಲು ಎರಡು ಗಂಟೆ ಹಿಡಿಯಿತು. ಲಾಳಿ ನಿಲ್ಲಿಸಿದೆ.

"ನನ್ನ ಮಾತು ಎಡೆಕುಂಟೆ" ಅಂದೆ. "ನನ್ನಿವಾಳದ ಹುಡುಗನ ಬಾಯಿಂದ ತಂದದ್ದು. ಸಾಲಿನ ನಡುವೆ ಕಳೆ ತೆಗಿಯೋದು. ನೋಟ್‌ಬುಕ್ಕಿನಾಗೆ ಬರ್ಕೊಂಡೆ."

ಅವನ ಸರದಿ ಬಂದಾಗ ನಾನು ಕಾದೆ. ಅಮ್ಮ ರಾಟೆ ನಿಲ್ಲಿಸಿ ಕಾದಳು. ಏನೂ ಇಲ್ಲ. ಒಗಟು ಹಾಕಿದೆ, ಸುಲಭದ್ದೇ, ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳದು. ಬೆರಳು ತೋರಿಸಿದರೂ ಸಾಕು ಅಂದೆ. ತೋರಿಸಲಿಲ್ಲ. ಅವನ ಸರದಿಯ ಜಾಗವನ್ನು ನೋಟ್‌ಬುಕ್ಕಿನಲ್ಲಿ ಖಾಲಿ ಬಿಟ್ಟು, ನನ್ನ ಮಾತನ್ನಷ್ಟೇ ಆಡುತ್ತ ಹೋದೆ. ಅವತ್ತಿನ ಪುಟದಲ್ಲಿ ಎಡಗಡೆ ಮೂರು ಮಾತು, ಬಲಗಡೆ ಬಿಳಿ ಕಾಗದ.

ಹನ್ನೊಂದು ದಿನ ಬಲಗಡೆ ಬಿಳಿಯೇ ಇತ್ತು. ಬೆನ್ನು ನೋಯುತ್ತಿತ್ತು, ಕಾಲು ಜೋಮು ಹಿಡಿಯುತ್ತಿತ್ತು, ನನ್ನ ನೇಯ್ಗೆ ನಾಯನ ನೋಡದಿದ್ದರೇ ಒಳ್ಳೆಯದು ಅನ್ನುವ ಹಾಗಿತ್ತು. ಆದರೆ ಅವನು ನೋಡಿದ. ಆರನೇ ದಿನ ಒಂದು ಎಳೆ ತಪ್ಪಿದೆ. ಗೋಡೆ ನೋಡುತ್ತಿದ್ದವನು ಎಡಗೈಯಿಂದ ನನ್ನ ಮಣಿಕಟ್ಟಿಗೆ ಪಟ್ಟೆಂದು ಹೊಡೆದ. ನಾನು ಆ ಎಳೆ ಬಿಚ್ಚಿ ಸರಿಮಾಡಿದೆ. ಒಳಗೊಳಗೇ ಖುಷಿಯಾಯಿತು.

ಹನ್ನೆರಡನೇ ದಿನ ನಾನು ಬಿಡಲೇಬಾರದು ಅಂತ ಕೂತೆ. ಅವನ ಸರದಿಯಲ್ಲಿ ಲಾಳಿಯನ್ನು ನನ್ನ ಮಡಿಲಲ್ಲಿಟ್ಟುಕೊಂಡು ಕೈಕಟ್ಟಿದೆ. "ಮಾತು ಕೊಡು, ಲಾಳಿ ತಗೋ. ನಿನ್ನ ಕಾನೂನೇ." ಬಿಸಿಲು ಏರಿತು. ಅವನು ಎಡಗೈ ಚಾಚಿದ, ನಾನು ಕೊಡಲಿಲ್ಲ. ಮುಖ ಕೆಂಪಾಯಿತು, ತುಟಿ ಅಲ್ಲಾಡಿತು. ಕೊನೆಗೆ ಅವನ ಬಾಯಿಂದ ಮುರುಕು ಮುರುಕಾಗಿ ಬಂತು: "ವ... ವದ್ದು."

ಬೇಡ ಅನ್ನುವುದಕ್ಕೆ ತೆಲುಗು ಅದು. ಆಟ ಬೇಡ, ನಾನು ಬೇಡ, ಎಲ್ಲ ಬೇಡ ಅಂತ ಹೇಳಿದ್ದ. ಅಮ್ಮ ರಾಟೆ ಬಿಟ್ಟು ಓಡಿಬಂದಳು, ಅಳಲು ಶುರುಮಾಡಿದಳು. ಆದರೆ ನಾನು ಲಾಳಿ ಗಟ್ಟಿ ಹಿಡಿದುಕೊಂಡು, "ತೆಲುಗು ನಡೆಯಲ್ಲ ನಾಯನ. ಕನ್ನಡದಾಗೆ ಹೇಳು" ಅಂದೆ.

"ನಿನಗೇನು ದೆವ್ವ ಹಿಡಿದೈತಾ?" ಅಮ್ಮ ನನ್ನ ಬೆನ್ನಿಗೆ ಗುದ್ದಿದಳು. "ಇಷ್ಟು ದಿನಕ್ಕೆ ಬಾಯಿ ಬಿಟ್ಟವ್ನೆ, ಅದ್ರಾಗೂ ಕಾನೂನಾ?"

ನಾಯನ ನನ್ನನ್ನೇ ದುರುಗುಟ್ಟಿಕೊಂಡು ನೋಡಿದ. ಗೋಡೆಯಿಂದ ಕಣ್ಣು ಮೊದಲ ಸಲ ನನ್ನ ಕಡೆ ತಿರುಗಿತ್ತು. "ಬ್ಯಾ... ಡ" ಅಂದ. ಸಿಟ್ಟಿನಲ್ಲಿ ಅಂದ. ನಾನು ನೋಟ್‌ಬುಕ್ಕಿನ ಬಲಗಡೆ "ಬೇಡ" ಅಂತ ಬರೆದು, ಲಾಳಿ ಕೊಟ್ಟು, ಹಿತ್ತಲಿಗೆ ಹೋಗಿ ಗೋಳೋ ಅಂತ ಅತ್ತೆ.

ಅಲ್ಲಿಂದ ಮುಂದೆ ಸಲೀಸಾಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಬಲಗಡೆ ದಿನಕ್ಕೊಂದು ಮಾತು ಬಂದರೆ ಹಬ್ಬ. ನೀರು ಬಂತು. ನೂಲು ಬಂತು. ಉಪ್ಪು, ಹೋಗು, ಕತ್ತಿ. ಎರಡು ಮಾತು ಸೇರಿಸಿ ಆಡಲು ಆಗುತ್ತಲೇ ಇರಲಿಲ್ಲ. ನಡುವೆ ನಾಲ್ಕು ದಿನ ಏನೂ ಬರಲಿಲ್ಲ. ಅಣ್ಣ ಊಟಕ್ಕೆ ಕೂತಾಗ ನಿಧಾನಕ್ಕೆ ಹೇಳಿದ, "ಅವನು ಗಿಣಿ ಥರ ಒಂದೊಂದು ಅಂತಾನೆ ಕಣೇ, ನೀನು ಆಡಿದ್ದು ಅವನ ತಲೆಗೆ ಹೋಗ್ತೈತೆ ಅಂತ ನನಗನ್ಸಲ್ಲ. ಆಸೆ ಇಟ್ಕೋಬ್ಯಾಡ." ಅವನಿಗೆ ನಾನು ಏನೋ ಒರಟಾಗಿ ಉತ್ತರಿಸಿದೆ. ಆದರೆ ಅವನ ಮಾತು ಒಳಗೆ ಮುಳ್ಳಿನ ಹಾಗೆ ನಿಂತಿತು. ನಿಜವೇ ಇರಬಹುದೇ? ದಿನವಿಡೀ ನಾನೊಬ್ಬಳೇ ಗೋಡೆಗೆ ಮಾತನಾಡುತ್ತಿರಬಹುದೇ? ಮರುದಿನ ಎದ್ದಾಗ ಆ ಪ್ರಶ್ನೆ ಹಾಗೇ ಇತ್ತು. ಆದರೂ ಗುಂಡಿಗೆ ಇಳಿದೆ.

ಶಾಲೆ ಶುರುವಾಗಲು ಎರಡು ದಿನ ಇದ್ದಾಗ ನಾವು ಸೆರಗಿನ ಕೊನೆಗೆ ಬಂದಿದ್ದೆವು. ಟೈಲ್ಸ್ ಹಾಕುವವನಿಗೆ ಅಣ್ಣ ಸೋಮವಾರ ಬಾ ಅಂದಿದ್ದ. ಇನ್ನು ನಾಲ್ಕು ಬೆರಳಗಲ ನೇಯ್ದರೆ ಸೀರೆ ಇಳಿಯುತ್ತಿತ್ತು. ನೋಟ್‌ಬುಕ್ಕಿನ ಎಡಗಡೆ ತುಂಬಿ ಹರಿಯುತ್ತಿತ್ತು, ಬಲಗಡೆ ಎಣಿಸಿದರೆ ಮೂವತ್ತೂ ಇರಲಿಲ್ಲ. ನನಗೆ ಸುಸ್ತಾಗಿತ್ತು, ಮಕ್ಕಳು ತಂದುಕೊಟ್ಟ ಮಾತೆಲ್ಲ ಮುಗಿದಿದ್ದವು. ಲಾಳಿ ನಿಂತಿತು, ನನ್ನ ಸರದಿ. ಬಾಯಿಗೆ ಬಂದದ್ದನ್ನು ಹೇಳಿದೆ.

"ಗರಿಕೆ. ಉಳ್ಳಾರ್ತಿ ಕಡೆ ಹುಡುಗಿ ತಂದದ್ದು."

ಲಾಳಿ ಬರಲೆಂದು ಕೈ ಚಾಚಿದೆ. ಬರಲಿಲ್ಲ. ನಾಯನ ಅದನ್ನು ಎಡಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಿದ್ದ. ಬೆರಳು ಸೆಟೆದಿದೆಯೇನೋ ಎಂದುಕೊಂಡು ಬಿಡಿಸಲು ಹೋದೆ. ಅವನು ಕೈ ಹಿಂದಕ್ಕೆಳೆದುಕೊಂಡ.

"ಆ... ಆಗೈತೆ" ಅಂದ.

ಅಮ್ಮನ ರಾಟೆ ನಿಂತಿತು. ನನಗೆ ಮೊದಲು ಬಂದದ್ದು ಏನು ಗೊತ್ತಾ? ಸಿಟ್ಟು. ಅದೇ ಏಳು ವರ್ಷದ ಹುಡುಗಿಯ ಸಿಟ್ಟು, ನೆತ್ತಿಗೇರಿತು. "ಎಲ್ಲಾಗೈತೆ? ಆಗಿಲ್ಲ. ನಾನು ಬರ್ದಿಟ್ಟಿದ್ದೀನಿ, ನನಗೆ ಗೊತ್ತಿಲ್ವಾ?" ಅಂತ ವಾದಕ್ಕೇ ನಿಂತೆ. ನೋಟ್‌ಬುಕ್ ಎಳೆದುಕೊಂಡು ಹಿಂದಿನಿಂದ ಪುಟ ತಿರುಗಿಸಿದೆ. ನಿನ್ನೆಯದರಲ್ಲಿ ಇಲ್ಲ. ಹೋದ ವಾರದ್ದರಲ್ಲಿ ಇಲ್ಲ. ತಿರುಗಿಸುತ್ತ ತಿರುಗಿಸುತ್ತ ಮೊದಲ ಪುಟಕ್ಕೆ ಬಂದೆ. ಎಡೆಕುಂಟೆ, ಮೇಟಿ, ಗರಿಕೆ. ಮೂರನೇ ಸಾಲು. ಪಕ್ಕದಲ್ಲಿ ಬಿಳಿ ಕಾಗದ.

ಅವತ್ತು ಅವನು ಗೋಡೆ ನೋಡುತ್ತ ಕೂತಿದ್ದ. ಲಾಳಿ ಕೈಯಿಂದ ಜಾರಿ ಜಾರಿ ಬೀಳುತ್ತಿತ್ತು. ಅವತ್ತೇ ಕೇಳಿಸಿಕೊಂಡಿದ್ದ. ಎಲ್ಲವನ್ನೂ ಕೇಳಿಸಿಕೊಂಡು, ಒಂದೂ ಬಿಡದ ಹಾಗೆ ಇಟ್ಟುಕೊಂಡಿದ್ದ.

ತಲೆ ಎತ್ತಿದೆ. ನಾಯನ ನನ್ನನ್ನೇ ನೋಡುತ್ತಿದ್ದ. ಬಾಯಿಯ ಒಂದು ಬದಿ ಮಾತ್ರ ಮೇಲೆ ಹೋಗಿತ್ತು, ನಗುವುದು ಅವನಿಗೆ ಈಗ ಅಷ್ಟೇ ಸಾಧ್ಯ. ಲಾಳಿ ಹಿಡಿದ ಕೈಯನ್ನೇ ಎತ್ತಿ ರಾಟೆಯ ಕಡೆ ತೋರಿಸಿದ. ತುಟಿ ಕೂಡಿಸಲು ಹೆಣಗಿದ, ಒಂದು ಸಲ ತಪ್ಪಿತು, ಉಸಿರು ತೆಗೆದುಕೊಂಡು ಮತ್ತೆ ಹಿಡಿದ.

"ಬೇರೆ... ತಾ."

ಕನ್ನಡ ಮೇಡಂ ಹತ್ತಿರ ಬೇರೆ ಒಂದು ಮಾತೂ ಇರಲಿಲ್ಲ. ಗುಂಡಿಯಿಂದ ಎದ್ದೆ. ಅಮ್ಮನನ್ನು ಪಕ್ಕಕ್ಕೆ ಸರಿಸಿ ರಾಟೆಯ ಮುಂದೆ ಕೂತೆ. ಕಣ್ಣು ಮಂಜಾಗಿ ನೂಲಿನ ತುದಿ ಸಿಗುತ್ತಿರಲಿಲ್ಲ, ಕೈಯಿಂದ ತಡಕಿ ಹುಡುಕಿದೆ. ನಾಯನ ನಾನು ಮೋಸ ಮಾಡದ ಹಾಗೆ ಅಲ್ಲಿಂದಲೇ ನೋಡುತ್ತಿದ್ದ. ಹತ್ತು ಕಂಡಿಕೆಯನ್ನೂ ಸುತ್ತಿದೆ.